ಮೊದಲು ಪರ್ಚ್, ಆಮೇಲೆ ಸಾಲ್ಮನ್

ನಮಸ್ಕಾರ. ಊರಲ್ಲಿ ಹೊಳೆಗೆ ಗಾಳ ಹಾಕಿಕೊಂಡೇ ಬೆಳೆದವನು, ಶಿಕಾಗೋಗೆ ಬಂದು ಮೂರು ತಿಂಗಳಾಯಿತು, ಆಫೀಸು-ಮನೆ ಬಿಟ್ಟರೆ ಬೇರೇನೂ ಇಲ್ಲ ಅಂತ ಬರೆದಿದ್ದೀರಿ. ಮಿಶಿಗನ್ ಸರೋವರದಲ್ಲಿ ಸಾಲ್ಮನ್ ಸಿಗುತ್ತಂತೆ, ನಮ್ಮಂಥವರಿಗೂ ಆಗುತ್ತಾ ಅಂತ ಕೇಳಿದ್ದೀರಿ. ಖಂಡಿತ ಆಗುತ್ತೆ. ನಾನು ಬಂದು ಹತ್ತೊಂಬತ್ತು ವರ್ಷ. ಅದರಲ್ಲಿ ಹದಿನೇಳು ವರ್ಷ ಈ ನೀರಿನ ಪಕ್ಕದಲ್ಲೇ ನಿಂತಿದ್ದೇನೆ.

ಆದರೆ ಸಾಲ್ಮನ್‌ನಿಂದ ಶುರು ಮಾಡಬೇಡಿ. ಪರ್ಚ್‌ನಿಂದ ಶುರು ಮಾಡಿ.

ಹಳದಿ ಪರ್ಚ್ ಈ ಸರೋವರದ್ದೇ ಮೀನು. ಅಂಗೈಗಿಂತ ಸ್ವಲ್ಪ ಉದ್ದ. ಚಿನ್ನದ ಬಣ್ಣದ ಮೈ, ಅದರ ಮೇಲೆ ಕಡುಹಸಿರು ಪಟ್ಟೆ, ಹೊಟ್ಟೆ ಕೆಳಗಿನ ರೆಕ್ಕೆ ಕೇಸರಿ. ಇದಕ್ಕೆ ದೋಣಿ ಬೇಡ. ಸಣ್ಣ ಗಾಳಕ್ಕೆ ಎರೆಹುಳುವನ್ನೋ ಮರಿಮೀನನ್ನೋ ಸಿಕ್ಕಿಸಿ, ಕಟ್ಟೆಯ ಮೇಲಿಂದ ತಳದ ಹತ್ತಿರಕ್ಕೆ ಬಿಟ್ಟರೆ ಸಾಕು. ಪರ್ಚ್ ಎಳೆಯೋದಿಲ್ಲ, ಕುಟುಕುತ್ತೆ. ಕೋಲಿನ ತುದಿ ಟಕ್ ಟಕ್ ಅಂತ ಅಲ್ಲಾಡುತ್ತೆ, ಅಷ್ಟೇ. ಮೊದಲ ಕುಟುಕಿಗೇ ಎಳೆದರೆ ಖಾಲಿ ಗಾಳ ಬರುತ್ತೆ. ಮೀನು ಕೈಗೆ ಬಂದಾಗ ಬೆನ್ನಿನ ಮುಳ್ಳು ಜೋಪಾನ. ತಲೆಯಿಂದ ಬಾಲದ ಕಡೆಗೆ ಅಂಗೈ ಸವರಿಕೊಂಡು ಬನ್ನಿ, ಮುಳ್ಳು ತಾನಾಗಿ ಮಡಚಿಕೊಳ್ಳುತ್ತೆ. ಗುಂಪು ಬಂದರೆ ಅರ್ಧ ಗಂಟೆ ಕೈಗೆ ಬಿಡುವಿಲ್ಲ. ಹೋಯಿತೋ, ಮಧ್ಯಾಹ್ನದವರೆಗೆ ಸುಮ್ನೆ ಕೂರಬೇಕು.

ಆ ಸುಮ್ನೆ ಕೂರುವ ಹೊತ್ತಿಗಾಗಿಯೇ ನಾನು ಪರ್ಚ್‌ನಿಂದ ಶುರು ಮಾಡಿ ಅನ್ನೋದು. ಪಕ್ಕದವರು ಮಾತಾಡಿಸುತ್ತಾರೆ. ಗಾಳ ಕಟ್ಟೋದು ಹೇಳಿಕೊಡುತ್ತಾರೆ, ಎರೆ ಮುಗಿದರೆ ಅರ್ಧ ಡಬ್ಬಿ ಕೊಡುತ್ತಾರೆ. ಈ ಊರಲ್ಲಿ ಆಫೀಸಿನ ಹೊರಗೆ ನನ್ನನ್ನು ಮೊದಲು ಹೆಸರು ಹಿಡಿದು ಕರೆದವರು ಮಾಂಟ್ರೋಸ್ ಹಾರ್ಬರ್ ಕಟ್ಟೆಯ ಜನ.

ಹಳಬರು ಬಕೆಟ್ ತುಂಬಿದ ಕಾಲದ ಕಥೆ ಹೇಳುತ್ತಾರೆ. ಅದು ನಿಜ. 1990ರ ದಶಕದಲ್ಲಿ ಪರ್ಚ್ ಸಂಖ್ಯೆ ಕುಸಿದು, ಮಾರಾಟಕ್ಕೆ ಹಿಡಿಯೋದನ್ನೇ ಇಲ್ಲಿ ನಿಲ್ಲಿಸಿದರು. ಅದರ ಮೇಲೆ ಹಡಗುಗಳು ತಮ್ಮ ಒಡಲಲ್ಲಿ ತುಂಬಿಕೊಂಡು ಬರುವ ನೀರಿನಲ್ಲಿ ಬಂದ ಕ್ವಾಗಾ ಅನ್ನೋ ಕಪ್ಪೆಚಿಪ್ಪು ತಳವನ್ನೆಲ್ಲ ಹಬ್ಬಿಕೊಂಡಿದೆ. ಮರಿಮೀನುಗಳು ತಿನ್ನಬೇಕಾದ ಸೂಕ್ಷ್ಮಜೀವಿಗಳನ್ನೆಲ್ಲ ಅವೇ ಸೋಸಿ ತಿನ್ನುತ್ತವೆ. ನೀರು ಕನ್ನಡಿ ಹಾಗೆ ತಿಳಿಯಾಗಿದೆ ಅಂತ ಹೊಸಬರಿಗೆ ಖುಷಿ. ನನಗೆ ಅದನ್ನು ನೋಡಿದರೆ ಸಂಕಟ. ಇಲಿನಾಯ್‌ನಲ್ಲಿ ದಿನಕ್ಕೆ ಒಬ್ಬರಿಗೆ 15 ಪರ್ಚ್ ಮಾತ್ರ, ಮೇ 1ರಿಂದ ಜೂನ್ 15ರವರೆಗೆ ಒಂದೂ ಇಟ್ಟುಕೊಳ್ಳುವಂತಿಲ್ಲ. ನಿಯಮ ಬದಲಾಗುತ್ತಿರುತ್ತೆ, ಪ್ರತಿ ವರ್ಷ ಹೊಸ ಪುಸ್ತಕ ನೋಡಿ. ಲೈಸೆನ್ಸ್ ಇಲ್ಲದೆ ದಾರ ಇಳಿಸಬೇಡಿ. ಸಾಲ್ಮನ್‌ಗೆ ಅದರ ಜೊತೆ ಸಾಲ್ಮನ್ ಸ್ಟ್ಯಾಂಪ್ ಅನ್ನೋ ಇನ್ನೊಂದು ಪರವಾನಗಿ ಕೂಡ ಬೇಕು. ಹದಿನಾರು ತುಂಬದ ಮಕ್ಕಳಿಗೆ ಎರಡೂ ಬೇಡ.

ಈಗ ಸಾಲ್ಮನ್. ಇದು ಇಲ್ಲಿನ ಮೀನಲ್ಲ, ಪೆಸಿಫಿಕ್ ಕಡೆಯದು. ಕಾಲುವೆಗಳ ಮೂಲಕ ಆಲ್‌ವೈಫ್ ಅನ್ನೋ ಸಣ್ಣ ಕಡಲ ಮೀನು ಒಳಗೆ ಬಂದು ಸರೋವರ ತುಂಬಿಬಿಟ್ಟಿತ್ತು. 1967ರಲ್ಲಿ ಅವು ರಾಶಿ ರಾಶಿ ಸತ್ತು ದಡವೆಲ್ಲ ನಾರಿತ್ತು. ಅದಕ್ಕೆ ಒಂದು ವರ್ಷ ಮುಂಚೆಯೇ ಮಿಶಿಗನ್ ರಾಜ್ಯದ ಮೀನು ವಿಭಾಗದ ಹೋವರ್ಡ್ ಟ್ಯಾನರ್, ಅವನ್ನು ತಿನ್ನಲಿ ಅಂತ ಕೋಹೋ ಸಾಲ್ಮನ್ ಮರಿಗಳನ್ನು ಬಿಡಿಸಿದ್ದರು. ಮರುವರ್ಷ ಸಾಲ್ಮನ್‌ನ ಇನ್ನೊಂದು ಜಾತಿ ಶಿನೂಕ್ ಬಂತು. ಇಂದಿಗೂ ಶಿನೂಕ್‌ನ ಮುಖ್ಯ ಊಟ ಆಲ್‌ವೈಫೇ. ಅದು ಕಮ್ಮಿಯಾದಾಗ ಮರಿ ಬಿಡೋದನ್ನೂ ಕಮ್ಮಿ ಮಾಡುತ್ತಾರೆ. 2013ರಲ್ಲಿ ಹಾಗೇ ಮಾಡಿದರು.

ಸಾಲ್ಮನ್‌ಗೆ ತಣ್ಣನೆ ನೀರು ಬೇಕು. ಬೇಸಿಗೆಯಲ್ಲಿ ದೂರದ ಆಳಕ್ಕೆ ಹೋಗಿಬಿಡುತ್ತೆ, ಆಗ ಬಾಡಿಗೆ ದೋಣಿಯೇ ಗತಿ. ದಡದಿಂದ ಹಿಡಿಯೋಕೆ ಎರಡು ಕಾಲ. ಮಾರ್ಚ್-ಏಪ್ರಿಲ್‌ನಲ್ಲಿ ದಕ್ಷಿಣದ ಆಳವಿಲ್ಲದ ನೀರು ಮೊದಲು ಬೆಚ್ಚಗಾಗುತ್ತೆ, ಕೋಹೋ ನಮ್ಮ ಕಡೆಗೇ ಬರುತ್ತೆ. ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಶಿನೂಕ್ ಮೊಟ್ಟೆ ಇಡೋಕೆ ಹಾರ್ಬರ್ ಒಳಗೆ ನುಗ್ಗುತ್ತೆ, ಆಮೇಲೆ ಸಾಯುತ್ತೆ.

ನನ್ನ ಮೊದಲ ಶಿನೂಕ್ ಸೆಪ್ಟೆಂಬರ್‌ನ ಒಂದು ರಾತ್ರಿ ಸಿಕ್ಕಿತು. ಕತ್ತಲಲ್ಲಿ ಹೊಳೆಯುವ ಸ್ಪೂನಿಗೆ, ಅಂದರೆ ಮೀನಿನ ಹಾಗೆ ಕಾಣುವ ಲೋಹದ ಗಾಳಕ್ಕೆ, ಟಾರ್ಚ್ ಬೆಳಕು ಹಿಡಿದು ಎಸೆಯುತ್ತಿದ್ದೆ. ಮೀನು ಕಚ್ಚಿದ ಕೂಡಲೇ ದಾರ ಸುತ್ತಿದ ರೀಲ್ ಕಿರ್ರ್ ಅಂತ ಕೂಗಿತು. ದಾರ ನಿಲ್ಲುವ ಲಕ್ಷಣವೇ ಇರಲಿಲ್ಲ. ಕೈ ನಡುಗುತ್ತಿತ್ತು. ಅಷ್ಟೊತ್ತಿಗೆ ಆಚೆ ತುದಿಯಲ್ಲಿದ್ದ ಪೋಲಿಷ್ ಅಜ್ಜ ತನ್ನ ಕೋಲು ಎತ್ತಿಟ್ಟು, ಉದ್ದ ಹಿಡಿಯ ಬಲೆ ತಂದು ನನ್ನ ಕಾಲ ಬುಡದಲ್ಲಿ ಕೂತರು. ಹೆಚ್ಚುಕಮ್ಮಿ ಇಪ್ಪತ್ತು ನಿಮಿಷ. ಒಂದೂ ಮಾತಾಡಲಿಲ್ಲ, ಬರೀ ಕೈಸನ್ನೆಯಲ್ಲೇ ನಿಧಾನ, ನಿಧಾನ ಅಂದರು. ಆ ಬಲೆ ಇಲ್ಲದಿದ್ದರೆ ಎತ್ತರದ ಕಟ್ಟೆಯಿಂದ ಆ ಮೀನನ್ನು ಮೇಲೆತ್ತೋಕೆ ಆಗುತ್ತಲೇ ಇರಲಿಲ್ಲ.

ತಿನ್ನೋ ವಿಷಯ. ಪರ್ಚ್‌ಗೆ ರವೆ ಹಚ್ಚಿ ಹುರಿಯಿರಿ, ಅದರ ರುಚಿಯೇ ರುಚಿ. ಶಿನೂಕ್ ಮಾತ್ರ ಯೋಚಿಸಿ. ಹಾರ್ಬರ್ ಒಳಗೆ ಕಪ್ಪಾದ ಮೀನಿನ ಮಾಂಸ ಬಿಳಚಿಕೊಂಡಿರುತ್ತೆ. ಹಳೇ ಕಾರ್ಖಾನೆಗಳ ಪಿಸಿಬಿ ಅನ್ನೋ ರಾಸಾಯನಿಕ ದೊಡ್ಡ ಮೀನಿನ ಕೊಬ್ಬಿನಲ್ಲಿ ಸೇರಿಕೊಂಡಿರುತ್ತೆ. ಚರ್ಮ, ಕೊಬ್ಬು ತೆಗೆದೇ ಬೇಯಿಸಿ. ಮನೆಯಲ್ಲಿ ಬಸುರಿಯರು, ಚಿಕ್ಕ ಮಕ್ಕಳು ಇದ್ದರೆ ಎಷ್ಟು ತಿನ್ನಬಹುದು ಅಂತ ಸರ್ಕಾರದ ಪಟ್ಟಿ ಮೊದಲು ಓದಿ.

ಇನ್ನೊಂದು, ಇದನ್ನು ಮರೆಯಬೇಡಿ. ಈ ಸರೋವರವನ್ನು ಕೆರೆ ಅಂದುಕೊಳ್ಳಬೇಡಿ. 1954ರ ಜೂನ್ 26ರಂದು ಬಿರುಗಾಳಿ ದಾಟಿಹೋದ ಮೇಲೆ, ಶಿಕಾಗೋದ ಕಟ್ಟೆಗಳಲ್ಲಿ ಮೀನು ಹಿಡಿಯುತ್ತಿದ್ದವರ ಮೇಲೆ ಇದ್ದಕ್ಕಿದ್ದಂತೆ ನೀರು ಏರಿಬಂದು ಎಂಟು ಜನ ಹೋದರು. ನಾವು ಕೂರೋದೂ ಅಂಥ ಕಟ್ಟೆಗಳ ಮೇಲೆಯೇ. ಅಲೆ ಕಟ್ಟೆ ದಾಟುತ್ತಿದ್ದರೆ, ಕಲ್ಲಿನ ಮೇಲೆ ಐಸ್ ಇದ್ದರೆ, ಎಷ್ಟು ಮೀನಿದ್ದರೂ ವಾಪಸ್ ಬನ್ನಿ. ಮೊದಲ ವರ್ಷ ಒಬ್ಬರೇ ಹೋಗಲೇಬೇಡಿ.

ಜೂನ್ 16ರ ಬೆಳಿಗ್ಗೆ ಐದಕ್ಕೆ ನಾನು ಮಾಂಟ್ರೋಸ್‌ನಲ್ಲಿರುತ್ತೇನೆ. ಬನ್ನಿ. ಕೋಲು, ಗಾಳ, ಎರೆ ಎಲ್ಲ ನನ್ನ ಹತ್ತಿರ ಇದೆ. ಲೈಸೆನ್ಸ್ ಮಾತ್ರ ನಿಮ್ಮದು, ಮತ್ತೆ ಒಂದು ದಪ್ಪ ಸ್ವೆಟರ್. ಜೂನ್ ಆದರೂ ನೀರಿನ ಮೇಲಿಂದ ಬರೋ ಗಾಳಿ ಚಳಿ ಹಿಡಿಸುತ್ತೆ.