ತುಕ್ಕು ಹಿಡಿದ ಹಳೇ ಚಾಕನ್ನು ಹೊಸದರ ಹಾಗೆ ಮಾಡಬೇಕು. ಯಾವ ಗ್ರೈಂಡರ್ ತಗೊಳ್ಳಲಿ?

ಗ್ರೈಂಡರ್ ತಗೋಬೇಡಿ. ಯಾವ ಕಂಪನಿಯದ್ದೂ ಬೇಡ.

ಗುಜರಿಯಲ್ಲಿ ಸಿಕ್ಕ ಚಾಕು, ಮಡಚಲು ಬಾರದ ಗಟ್ಟಿ ಅಲಗು, ಅಲ್ಲಾಡುವ ಹಿಡಿ, ಕನ್ನಡಿಯಂತೆ ಹೊಳೀಬೇಕು ಅನ್ನೋ ಆಸೆ, ಹಿಡಿಗೆ ಬಣ್ಣದ ರೆಸಿನ್ ಹಾಕುವ ಯೋಚನೆ. ನೀವು ಬರೆದದ್ದು ಓದಿದರೆ 2014ರಲ್ಲಿ ನಾನೇ ಕೂತು ಬರೆದಂತಿದೆ.

ಆಗ ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಬಾಡಿಗೆ ರೂಮಿನಲ್ಲಿದ್ದೆ. ಸೈಕಲ್ ಚೈನು ಹುಡುಕಲು ಗುಜರಿ ಅಂಗಡಿಗೆ ಹೋದವನ ಕಣ್ಣಿಗೆ ಈ ಚಾಕು ಬಿತ್ತು. ಅಂಗಡಿಯವರು 60 ರೂಪಾಯಿ ಅಂದರು, ಕೊಟ್ಟು ತಂದೆ. ಅಲಗು ಗೇಣಿಗಿಂತ ಸ್ವಲ್ಪ ಕಡಿಮೆ. ಮೇಲೆ ಕೆಂಪು ತುಕ್ಕು, ಅದರ ಕೆಳಗೆ ಕಪ್ಪು. ಬೆನ್ನಿನ ಹತ್ತಿರ ಓರೆಯಾಗಿ ಸಣ್ಣ ಗೆರೆಗಳು, ಒಂದರ ಪಕ್ಕ ಒಂದು. ಉಗುರು ಆಡಿಸಿದರೆ ತಡೆಯುತ್ತಿದ್ದವು. ಯಾರೋ ಕಲ್ಲಿಗೆ ತಿಕ್ಕಿ ಗೀರು ಮಾಡಿದ್ದಾರೆ ಅಂತ ತಿಳಿದೆ. ಮೊದಲು ಇವನ್ನು ತೆಗೀಬೇಕು ಅನ್ನೋದೇ ತಲೆಯಲ್ಲಿ ಕೂತಿತು.

ಗೋಕುಲ ರೋಡಿನ ಕಡೆ ಫ್ಯಾಬ್ರಿಕೇಶನ್ ಕೆಲಸ ಮಾಡುತ್ತಿದ್ದ ಗೆಳೆಯನಿಂದ ನಾಲ್ಕು ಇಂಚಿನ ಗ್ರೈಂಡರ್ ತಂದೆ. ಗೆರೆ ಹೋದವು, ತುಕ್ಕು ಹೋಯಿತು, ಅರ್ಧ ಗಂಟೆಯಲ್ಲಿ ಅಲಗು ಬೆಳ್ಳಗಾಯಿತು. ತುದಿಯಿಂದ ಮೂರು ಇಂಚಿನವರೆಗೆ ಬಾಯಿಯ, ಅಂದರೆ ಕೊಯ್ಯುವ ಕಡೆಯ, ಅಂಚಿನಲ್ಲಿ ಮಾತ್ರ ಒಂದು ನೀಲಿ ಪಟ್ಟಿ ಮೂಡಿತ್ತು. ಕಲೆ ಅಂದುಕೊಂಡು 600 ನಂಬರಿನ ವಾಟರ್ ಪೇಪರಿನಲ್ಲಿ (ನೀರು ಹಾಕಿ ಉಜ್ಜುವ ಮರಳು ಕಾಗದ) ತಿಕ್ಕಿದೆ. ಎರಡೇ ನಿಮಿಷದಲ್ಲಿ ಹೋಯಿತು. ಖುಷಿಯಾಯಿತು.

ಆ ನೀಲಿ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಬೇಸರ ಮಾಡ್ಕೋಬೇಡಿ.

ಚಾಕಿನ ಉಕ್ಕಿಗೆ ಹದ ಅಂತ ಒಂದಿರುತ್ತದೆ. ಕೆಂಪಗೆ ಕಾಯಿಸಿ ಎಣ್ಣೆಯಲ್ಲೋ ನೀರಿನಲ್ಲೋ ಅದ್ದಿದಾಗ ಉಕ್ಕು ಗಾಜಿನ ಹಾಗೆ ಗಡುಸಾಗುತ್ತದೆ. ಹಾಗೇ ಬಿಟ್ಟರೆ ನೆಲಕ್ಕೆ ಬಿದ್ದಾಗ ಮುರಿಯುತ್ತದೆ. ಅದಕ್ಕೇ ಮತ್ತೆ ಸಣ್ಣ ಬಿಸಿ ಕೊಟ್ಟು ಸ್ವಲ್ಪ ಮೆತ್ತಗೆ ಮಾಡುತ್ತಾರೆ. ಸುಮಾರು 220 ಡಿಗ್ರಿಯಲ್ಲಿ ಉಕ್ಕಿನ ಮೇಲೆ ತೆಳು ಹಳದಿ ಬಣ್ಣ ಬರುತ್ತದೆ. ಚಾಕಿಗೆ ಅಲ್ಲಿಗೇ ನಿಲ್ಲಿಸಬೇಕು. ಬಿಸಿ ಏರಿದಂತೆ ಕಂದು, ನೇರಳೆ ಆಗಿ 300 ಡಿಗ್ರಿಯ ಹೊತ್ತಿಗೆ ನೀಲಿ ಬರುತ್ತದೆ. ಸ್ಪ್ರಿಂಗಿಗೆ ಅದು ಸರಿ, ಚಾಕಿನ ಬಾಯಿಗೆ ಅಲ್ಲ. ಇನ್ನು ಈ ಸಣ್ಣ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಬೆನ್ನು ದಪ್ಪ ಇರುವುದರಿಂದ ಬಿಸಿಯನ್ನು ತಡೆದುಕೊಳ್ಳುತ್ತದೆ. ಬಾಯಿ ಕಾಗದದಷ್ಟು ತೆಳು, ಬಿಸಿ ಹೋಗಲು ಅಲ್ಲಿ ಜಾಗವೇ ಇಲ್ಲ. ಒಂದೆರಡು ಸೆಕೆಂಡು ಸಾಕು. ನಾನು ತಿಕ್ಕಿ ತೆಗೆದದ್ದು ಬಣ್ಣ ಮಾತ್ರ, ಅದು ಮೇಲಿನ ಪೊರೆ. ಮೆತ್ತಗಾದದ್ದು ಒಳಗಿನವರೆಗೂ ಮೆತ್ತಗಾಗಿತ್ತು. ನೀಲಿ ಹಾಗೇ ಇದ್ದಿದ್ದರೆ ಯಾರಾದರೂ ನೋಡಿ ಹೇಳುತ್ತಿದ್ದರು. ಆ ಗುರುತನ್ನೂ ನಾನೇ ಅಳಿಸಿ, ಸಾಲದ್ದಕ್ಕೆ ಅರಾಲ್ಡೈಟ್ ಅಂಟು ಹಚ್ಚಿ ಹೊಸ ಹಿಡಿಯನ್ನೂ ಕೂರಿಸಿದ್ದೆ.

ಮೊದಲ ದಿನ ಉಳ್ಳಾಗಡ್ಡಿ ಚೆನ್ನಾಗಿಯೇ ಕೊಯ್ದಿತು. ಮೂರನೇ ದಿನ ಟೊಮೆಟೊ ಸಿಪ್ಪೆಯ ಮೇಲೆ ಜಾರಿತು. ಮಸೆದೆ, ಮತ್ತೆ ಮೊಂಡಾಯಿತು. ಬೆಳಕಿಗೆ ಹಿಡಿದು ನೋಡಿದರೆ ಬಾಯಿ ಒಂದು ಕಡೆ ಮಡಚಿಕೊಂಡಿತ್ತು. ಕಲ್ಲು ಸರಿ ಇಲ್ಲ ಅಂತ ಮೂರು ಕಲ್ಲು ಕೊಂಡೆ. ಹೀಗೇ ಎಂಟು ತಿಂಗಳು.

ಮರುವರ್ಷ ಮಿರಗದ (ಮೃಗಶಿರಾ ಮಳೆಯ) ಹೊತ್ತಿಗೆ ಅಣ್ಣಿಗೇರಿ ದಾಟಿ ಒಂದು ಹಳ್ಳಿಗೆ ಹೋಗಿದ್ದೆ. ಕಮ್ಮಾರರ ಕುಲುಮೆ ಮುಂದೆ ಕುಂಟಿ, ಕುಡಗೋಲು ಇಟ್ಟುಕೊಂಡು ರೈತರು ಕೂತಿದ್ದರು. ನನ್ನ ಸರದಿ ಬಂದಾಗ ಅಜ್ಜ ಚಾಕನ್ನು ಕೈಯಲ್ಲಿ ಹಿಡಿದು ಬಾಯಿಯ ಮೇಲೆ ಹೆಬ್ಬೆರಳು ಅಡ್ಡ ಆಡಿಸಿದರು.

"ತಮ್ಮಾ, ಇದನ್ನ ಮಷಿನ್ನಿಗೆ ಹಿಡದಿದ್ದಿ ಏನು?"

"ಹೌದ್ರೀ ಅಜ್ಜಾರ."

"ನೀಲಿ ಆಗಿತ್ತಲ್ಲ?"

"ಆಗಿತ್ರೀ. ತಿಕ್ಕಿ ತಗದೆ."

"ಬಣ್ಣ ತಗದಿ. ಹೋದ ಹದ ಎಲ್ಲಿಂದ ತರತಿ?"

ಅವರು ಒಂದು ಅರ (ಲೋಹ ತಿಕ್ಕುವ ಫೈಲ್) ತಗೊಂಡು ಹಿಡಿಯ ಹತ್ತಿರ ಎಳೆದರು, ಜಾರಿತು. ತುದಿಯಲ್ಲಿ ಎಳೆದರು, ಕಚ್ಚಿತು. ಕಬ್ಬಿಣದ ಸಣ್ಣ ಪುಡಿ ಅವರ ಅಂಗೈ ಮೇಲೆ ಬಿತ್ತು. ಗಡುಸು ಉಕ್ಕಿನ ಮೇಲೆ ಅರ ಜಾರಬೇಕು. ಇಷ್ಟು ಸುಲಭದ ಪರೀಕ್ಷೆ ನನಗೆ ಗೊತ್ತಿರಲಿಲ್ಲ.

ಹದ ಮತ್ತೆ ಹಾಕಬೇಕಾದರೆ ಹಿಡಿ ಬಿಚ್ಚಲೇಬೇಕಿತ್ತು. ಅರಾಲ್ಡೈಟ್ ಬಿಡಲಿಲ್ಲ. ಉಳಿ ಇಟ್ಟು ಒಡೆದರು. ಹಿಡಿಯೊಳಗೆ ಕೂರುವ ಅಲಗಿನ ಬಾಲ ಹೊರಗೆ ಬಂತು, ಅದರ ಎರಡೂ ಮುಖದ ಮೇಲೆ ಅವೇ ಓರೆ ಗೆರೆಗಳು. ಮಷಿನ್ನು ಮುಟ್ಟದ ಜಾಗ ಅದೊಂದೇ. "ಅರದಾಗ ಮಾಡ್ಯಾರ ಇದನ್ನ" ಅಂದರು ಅಜ್ಜ, ಕೈಯಲ್ಲಿದ್ದ ಅರವನ್ನು ಪಕ್ಕದಲ್ಲಿಟ್ಟು ತೋರಿಸಿದರು. ಗೆರೆಗೆ ಗೆರೆ ಕೂಡುತ್ತಿತ್ತು. ಹಲ್ಲು ಸವೆದ ಅರವನ್ನು ಯಾರೋ ಕಮ್ಮಾರರು ಕಾಯಿಸಿ, ತಟ್ಟಿ ಚಾಕು ಮಾಡಿದ್ದರು. ಅರದ ಉಕ್ಕಿನಲ್ಲಿ ಸಾಮಾನ್ಯವಾಗಿ ಇಂಗಾಲ ಶೇ 1ಕ್ಕಿಂತ ಜಾಸ್ತಿ ಇರುತ್ತದೆ. ಅದಕ್ಕೇ ಹದ ಸರಿ ಇದ್ದರೆ ಅಂಥ ಚಾಕು ಬೇಗ ಮೊಂಡಾಗುವುದಿಲ್ಲ. ನಾನು ಗೀರು ಅಂತ ತೆಗೆದದ್ದು ಅದು ಯಾವುದರಿಂದ ಹುಟ್ಟಿತು ಅನ್ನೋ ಗುರುತು.

ಕತ್ತಲಾಗುವವರೆಗೆ ನನ್ನನ್ನು ಕೂರಿಸಿಕೊಂಡರು. ಬಿಸಿಲಲ್ಲಿ ಕಾದ ಉಕ್ಕಿನ ಕೆಂಪು ಸರಿಯಾಗಿ ಕಾಣುವುದಿಲ್ಲವಂತೆ. ಕಾದ ಅಲಗನ್ನು ಎಣ್ಣೆಯಲ್ಲಿ ಅದ್ದಿ ತೆಗೆದು, ಒಂದು ಮಗ್ಗಲು ಉಜ್ಜಿ ಬೆಳ್ಳಗೆ ಮಾಡಿ, ಕಾದ ಕಬ್ಬಿಣದ ಪಟ್ಟಿಯ ಮೇಲೆ ಬೆನ್ನು ಊರಿಸಿ ಹಿಡಿದರು. ಬಣ್ಣ ಬೆನ್ನಿನಿಂದ ಬಾಯಿಯ ಕಡೆ ನಿಧಾನಕ್ಕೆ ಹರಿಯಿತು. "ಬಾಯಾಗ ಕಣಿಕಿ ಬಣ್ಣಕ್ಕ ನಿಲ್ಲಬೇಕು. ಅಗಸಿ ಹೂವಿನ ಬಣ್ಣ ಬಾಯಿಗೆ ಬಂತಂದ್ರ ಮುಗೀತು" ಅಂದರು. ಅಗಸಿ ಹೂ ನೀಲಿ. ಒಣಗಿದ ಜೋಳದ ಕಣಿಕೆಯ ಬಣ್ಣ ಬಾಯಿಗೆ ಬಂದ ಕ್ಷಣವೇ ನೀರಿಗೆ ಅದ್ದಿದರು. ಚಾಕು ಉಳಿಯಿತು. ಆದರೆ ಅಗಲದಲ್ಲಿ ನಾಲ್ಕು ಮಿಲಿಮೀಟರ್ ಹೋಗಿತ್ತು, ತುದಿ ಸ್ವಲ್ಪ ಸೊಟ್ಟ. ಇವತ್ತಿಗೂ ಹಾಗೇ ಇದೆ.

ಈಗ ನಿಮ್ಮ ಚಾಕಿನ ವಿಷಯ. ಹೊಸದರ ಹಾಗೆ ಮಾಡಬೇಕು ಅನ್ನೋದನ್ನೇ ಬಿಡಿ. ಕೆಂಪು ತುಕ್ಕು ಉಕ್ಕನ್ನು ತಿನ್ನುತ್ತದೆ, ಅದನ್ನು ತೆಗೀಬೇಕು. ಕಪ್ಪು ಹಾಗಲ್ಲ, ತುಕ್ಕನ್ನು ಸ್ವಲ್ಪ ತಡೆಯುತ್ತದೆ, ಇರಲಿ. ಚಿಮಣಿ ಎಣ್ಣೆ (ಸೀಮೆಎಣ್ಣೆ) ಹಚ್ಚಿ ಒಂದು ರಾತ್ರಿ ಬಿಟ್ಟು ಸ್ಟೀಲ್ ವುಲ್‌ನಲ್ಲಿ ತಿಕ್ಕಿದರೆ ಬಹಳಷ್ಟು ಹೋಗುತ್ತದೆ. ಹಟ ಮಾಡಿದರೆ ಅಂಗಡಿಯ ಬಿಳಿ ವಿನೆಗರಿನಲ್ಲಿ ಮುಳುಗಿಸಿ, ಗಂಟೆಗೊಮ್ಮೆ ತೆಗೆದು ನೋಡಿ. ಮರೆತು ಮಲಗಿದರೆ ಒಳ್ಳೇ ಉಕ್ಕನ್ನೂ ತಿನ್ನುತ್ತದೆ. ಆಮೇಲೆ ಅಡುಗೆ ಸೋಡಾ ನೀರಿನಲ್ಲಿ ತೊಳೆದು ತಕ್ಷಣ ಒರೆಸಿ ಎಣ್ಣೆ ಹಚ್ಚಿ. ಇಲ್ಲದಿದ್ದರೆ ಕಣ್ಣೆದುರೇ ಮತ್ತೆ ಕೆಂಪಾಗುತ್ತದೆ. ಇನ್ನೂ ನಯ ಬೇಕಾದರೆ 220, 400, 600 ವಾಟರ್ ಪೇಪರ್, ನೀರು ಹಾಕಿ, ಕೈಯಲ್ಲಿ. ಎರಡು ಸಂಜೆ ಹಿಡಿಯುತ್ತದೆ, ಹಿಡಿಯಲಿ.

ಮಸೆಯುವಾಗ ಅಲಗು ಮೂರು ಸೆಂಟಿಮೀಟರ್ ಅಗಲ ಇದ್ದರೆ ಬೆನ್ನನ್ನು ಕಲ್ಲಿನಿಂದ ಒಂದು ಸೆಂಟಿಮೀಟರ್ ಎತ್ತಿ ಹಿಡಿಯಿರಿ. ಸುಮಾರು 20 ಡಿಗ್ರಿ ಆಗುತ್ತದೆ.

ರೆಸಿನ್ ಹಿಡಿ ನನಗೆ ಇಷ್ಟವಿಲ್ಲ, ಒದ್ದೆ ಕೈಯಲ್ಲಿ ಜಾರುತ್ತದೆ. ನಮ್ಮ ಕಡೆ ಬಡಿಗೇರ ಹತ್ತಿರ ಒಣಗಿದ ಜಾಲಿ ತುಂಡು ಕೇಳಿದರೆ ಸಿಗುತ್ತದೆ. ಗಟ್ಟಿ ಮರ, ಪೆಟ್ಟು ಬಿದ್ದರೂ ಸುಲಭಕ್ಕೆ ಸೀಳುವುದಿಲ್ಲ. 4 ಮಿಲಿಮೀಟರ್ ಹಿತ್ತಾಳೆ ಸಳಿ ಎರಡು ಕಡೆ ಹಾಕಿ ಅರಾಲ್ಡೈಟ್ ಹಚ್ಚಿ, ಪೂರಾ ಒಂದು ದಿನ ಅಲುಗಾಡಿಸಬೇಡಿ. ಮೇಲೆ ಗಾಣದ ಅಗಸಿ ಎಣ್ಣೆ, ತೆಳ್ಳಗೆ, ನಾಲ್ಕೈದು ಸಲ, ನಡುವೆ ದಿನಗಳ ಬಿಡುವು ಕೊಟ್ಟು. ಶೇಂಗಾ ಎಣ್ಣೆ ಬೇಡ, ಒಣಗದೆ ಅಂಟಂಟಾಗಿ ಉಳಿಯುತ್ತದೆ. ಅಗಸಿ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಹೊರಗೆ ಬಿಡಿಸಿ ಒಣಹಾಕಿ.

ಇದೆಲ್ಲಕ್ಕಿಂತ ಮೊದಲು ಹಳೇ ಹಿಡಿ ಬಿಚ್ಚಿ ಬಾಲ ನೋಡಿ. ಬರೀ ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ಒರೆಸಿ, ಬೇರೆ ಏನೂ ಮುಟ್ಟಿಸಬೇಡಿ. ಫೋಟೋ ಇಲ್ಲೇ ಹಾಕಿ. ಓರೆ ಗೆರೆ ಕಂಡರೆ ಅಲಗಿನ ಮೇಲೆ ಎಷ್ಟು ಉಳಿದಿವೆ ಅಂತ ಸೇರಿ ನೋಡೋಣ.