ಒಪ್ಪಂದಕ್ಕೆ ಸಹಿ ಬಿದ್ದರೆ ಮಕ್ಕಳ ಓದು ಸುಧಾರಿಸುತ್ತಾ?

ಪ್ರಶ್ನೆ: ಕೆನಡಾದ ಮೂಲನಿವಾಸಿ ಮಕ್ಕಳ ಓದಿಗಾಗಿ ಸಮುದಾಯಗಳೂ ಸರ್ಕಾರಗಳೂ ‘ಶಿಕ್ಷಣ ಪಾಲುದಾರಿಕೆ’ ಮಾಡಿಕೊಳ್ಳುತ್ತಿವೆಯಂತೆ. ಕಾಗದದ ಒಪ್ಪಂದದಿಂದ ತರಗತಿಯಲ್ಲಿ ಏನಾದರೂ ಬದಲಾಗುತ್ತದೆಯೇ?

ಉತ್ತರ: ಬದಲಾಗುತ್ತದೆ. ಆದರೆ ದುಡ್ಡು ಯಾರ ಕೈಯಿಂದ ಹೋಗುತ್ತದೆ ಎನ್ನುವುದನ್ನು ಮೊದಲು ನೋಡಬೇಕು.

ಕೆನಡಾದಲ್ಲಿ ಶಾಲೆ ನಡೆಸುವುದು ಪ್ರಾಂತ್ಯಗಳ ಕೆಲಸ. ಮೂಲನಿವಾಸಿಗಳ ಮೀಸಲು ಪ್ರದೇಶದ ಶಾಲೆಗಳಿಗೆ ಮಾತ್ರ ಹಣ ಬರುವುದು ಕೇಂದ್ರದಿಂದ. ಇಂಥ ಎಷ್ಟೋ ಕಡೆ ಹೈಸ್ಕೂಲ್ ಇಲ್ಲ. ಮಕ್ಕಳು ಪಕ್ಕದ ಪಟ್ಟಣದ ಪ್ರಾಂತ್ಯದ ಶಾಲೆ ಸೇರಬೇಕು. ಮಗುವಿನ ಓದು ದಾರಿ ತಪ್ಪುವುದು ಹೆಚ್ಚಾಗಿ ಇಲ್ಲೇ. ಎರಡು ಶಾಲೆಗಳು ಮಾತಾಡಿಕೊಳ್ಳದಿದ್ದರೆ, ಗಣಿತದಲ್ಲಿ ಹಿಂದೆ ಬಿದ್ದವನನ್ನು ಗುರುತಿಸಲು ಹೊಸ ಶಾಲೆಗೆ ವರ್ಷವೇ ಹಿಡಿಯಬಹುದು.

ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ‘ಸ್ಥಳೀಯ ಶಿಕ್ಷಣ ಒಪ್ಪಂದ’ ಇದಕ್ಕೊಂದು ಮದ್ದು. ಇದರಲ್ಲಿ ಕೇಂದ್ರದ ಹಣ ಮೊದಲು ಸಮುದಾಯಕ್ಕೆ ಬರುತ್ತದೆ. ಪ್ರಾಂತ್ಯದ ಶಾಲೆಗಳನ್ನು ನಡೆಸುವ ಶಾಲಾ ಮಂಡಳಿಗೆ ಫೀಸು ಕಟ್ಟುವುದು ಸಮುದಾಯವೇ. ಫೀಸು ಕಟ್ಟುವವರು ಲೆಕ್ಕ ಕೇಳುತ್ತಾರೆ, ಅಲ್ವಾ? ಹಾಜರಾತಿ ಎಷ್ಟು, ಬಸ್ಸು ಬರುತ್ತಾ, ಯಾರು ಎಲ್ಲಿ ಹಿಂದಿದ್ದಾರೆ ಎಂದು ಹಕ್ಕಿನಿಂದ ಕೇಳಬಹುದು. ಬರೀ ಸಲಹಾ ಸಮಿತಿಯಲ್ಲಿ ಕುರ್ಚಿ ಕೊಟ್ಟರೆ ಈ ಬಲ ಬರುವುದಿಲ್ಲ.

ನೋವಾ ಸ್ಕೋಶಿಯಾ ಪ್ರಾಂತ್ಯದ ಮಿಗ್‌ಮಾ ಎಂಬ ಮೂಲನಿವಾಸಿ ಸಮುದಾಯಗಳು ಇನ್ನೂ ಮುಂದೆ ಹೋದವು. 1997ರ ಒಪ್ಪಂದದ ಮೂಲಕ ತಮ್ಮ ಶಾಲೆಗಳ ಆಡಳಿತವನ್ನೇ ಪಡೆದವು. ತಮ್ಮ ಭಾಷೆಗೆ ಜಾಗ ಕೊಟ್ಟವು. ಅಲ್ಲಿ ಹೈಸ್ಕೂಲ್ ಮುಗಿಸುವವರು ಈಗ ಶೇ. 90ರ ಆಸುಪಾಸು. ದೇಶದ ಮೀಸಲು ಪ್ರದೇಶಗಳ ಒಟ್ಟು ಮಟ್ಟಕ್ಕಿಂತ ಇದು ತುಂಬಾ ಮೇಲೆ.

ಹಣದಿಂದ ತುಂಬದ ಗಾಯವೂ ಒಂದಿದೆ. ಸುಮಾರು 1,50,000 ಮೂಲನಿವಾಸಿ ಮಕ್ಕಳನ್ನು ಮನೆಯಿಂದ ಬಿಡಿಸಿ, ಅವರ ಭಾಷೆ, ಸಂಸ್ಕೃತಿ ಮರೆಸುವ ವಸತಿ ಶಾಲೆಗಳಿಗೆ ಹಾಕಿದ ದೇಶ ಅದು. ಅವುಗಳಲ್ಲಿ ಕೊನೆಯವು ಮುಚ್ಚಿದ್ದು 1990ರ ದಶಕದಲ್ಲಿ. ಅಜ್ಜಿ ಶಾಲೆಯ ಮೆಟ್ಟಿಲು ಹತ್ತಲು ಹಿಂಜರಿದರೆ ‘ಆಸಕ್ತಿ ಇಲ್ಲ’ ಎಂದು ಬರೆದುಕೊಳ್ಳುವ ಶಿಕ್ಷಕರಿಗೆ ಈ ಇತಿಹಾಸ ಗೊತ್ತಿರಬೇಕು. ಸಭೆಯನ್ನು ಸಮುದಾಯದ ಜಾಗದಲ್ಲೇ ಕರೆಯಲಿ, ಶಿಕ್ಷಕರೇ ಅಲ್ಲಿಗೆ ಹೋಗಲಿ.

ಇನ್ನು ಅಂಕಿಅಂಶ ನೋಡುವಾಗ ಹುಷಾರು. ಬ್ರಿಟಿಷ್ ಕೊಲಂಬಿಯಾದಲ್ಲಿ ‘ಎವರ್‌ಗ್ರೀನ್’ ಎಂಬ ಪ್ರಮಾಣಪತ್ರವಿದೆ. ಅದು ಶಾಲೆ ಮುಗಿಸಿದ್ದಕ್ಕೆ ಕೊಡುವ ಕಾಗದ ಅಷ್ಟೆ, ಹೈಸ್ಕೂಲ್ ಪದವಿ ಅಲ್ಲ. ಮೂಲನಿವಾಸಿ ಮಕ್ಕಳನ್ನು ಆ ದಾರಿಗೆ ತಳ್ಳಲಾಗುತ್ತಿದೆ ಎಂಬ ದೂರು ಹಳೆಯದು. ‘ಶಾಲೆ ಮುಗಿಸಿದವರು ಜಾಸ್ತಿಯಾದರು’ ಎಂಬ ವರದಿ ಕಂಡರೆ, ಅದರಲ್ಲಿ ಹೈಸ್ಕೂಲ್ ಪದವಿ ಪಡೆದವರ ಲೆಕ್ಕವನ್ನು ಬೇರೆಯಾಗಿ ಕೊಟ್ಟಿದ್ದಾರೆಯೇ ನೋಡಿ.