ಎತ್ತುತ್ತಾರೆ, ಆದರೆ ಮುಖ ಕಾಣಿಸುವುದಿಲ್ಲ

ಪ್ರಶ್ನೆ: ನನಗೆ 27 ವರ್ಷ. ಕುಂದಾಪುರದ ಹತ್ತಿರ ಅತ್ತೆ, ಮಾವನ ಜೊತೆ ಇದ್ದೇನೆ. ಮದುವೆಯಾಗಿ ಒಂದೂವರೆ ವರ್ಷ. ಗಂಡ ಏಸಿ ಕೆಲಸಕ್ಕೆ ದುಬೈಗೆ ಹೋಗಿ ನಾಲ್ಕು ತಿಂಗಳಾಯಿತು. ವಾಟ್ಸಾಪ್ ವಿಡಿಯೊ ಕಾಲ್ ಮಾಡಿದರೆ ರಿಂಗ್ ಆಗುತ್ತದೆ, ಎತ್ತುತ್ತಾರೆ, ಆಮೇಲೆ 'ಕನೆಕ್ಟಿಂಗ್' ಅಂತ ಬಂದು ನಿಂತುಬಿಡುತ್ತದೆ. 'ಇಲ್ಲಿ ಅದು ಆಗಲ್ಲ ಮಾರಾಯ್ತಿ' ಅನ್ನುತ್ತಾರೆ. ಅಕ್ಕನ ಗಂಡ ಅಮೆರಿಕದಿಂದ ದಿನಾ ಮಾಡುತ್ತಾರೆ, ಇವರಿಗೆ ಮಾತ್ರ ಯಾಕೆ ಆಗಲ್ಲ? ವಾರಕ್ಕೆರಡು ಸಲ ಮಾಮೂಲಿ ಫೋನ್ ಮಾಡಿ, ದುಡ್ಡು ಹೋಗುತ್ತೆ ಅಂತ ಬೇಗ ಇಡುತ್ತಾರೆ. ಅದರಲ್ಲೂ ಬರೀ 'ಹೂಂ', 'ಸರಿ', 'ಆಮೇಲೆ'. ಏನೋ ಮುಚ್ಚಿಡುತ್ತಿದ್ದಾರೆ ಅನಿಸಿ ನಿದ್ದೆ ಬರುತ್ತಿಲ್ಲ. ಪಕ್ಕದ ಮನೆ ಹುಡುಗ, ಫೋನ್ ಯಾವ ದೇಶದಲ್ಲಿದೆ ಅಂತ ಮರೆಮಾಡುವ ವಿಪಿಎನ್ ಆ್ಯಪ್ ಹಾಕಿಸಿ ಅಂತಾನೆ. ಮನೆಯಲ್ಲಿ ವೈಫೈ ಇದೆ. ನನ್ನ ಕಾಲೇಜು ದಿನದ ಲ್ಯಾಪ್‌ಟಾಪ್ ಇದೆ, ಚಾರ್ಜರ್ ತೆಗೆದರೆ ಹತ್ತು ನಿಮಿಷ ನಡೆಯುತ್ತದೆ. ಏನು ಮಾಡಲಿ?

ಉತ್ತರ: ಮೊದಲು ನಿದ್ದೆ ಮಾಡಿ. ನಿಮ್ಮ ಗಂಡ ಹೇಳಿದ್ದು ನಿಜ. ಯುಎಇಯಲ್ಲಿ ವಾಟ್ಸಾಪ್ ಮೆಸೇಜು, ಫೋಟೊ, ವಾಯ್ಸ್ ಮೆಸೇಜು ಎಲ್ಲ ನಡೆಯುತ್ತದೆ. ಕಾಲ್ ಮಾತ್ರ ಇಲ್ಲ, ಆಡಿಯೊನೂ ಇಲ್ಲ, ವಿಡಿಯೊನೂ ಇಲ್ಲ. ಇಂಟರ್‌ನೆಟ್ ಕಾಲ್‌ಗೆ ಅಲ್ಲಿನ ಟೆಲಿಕಾಂ ಪ್ರಾಧಿಕಾರದ ಅನುಮತಿ ಬೇಕು. ಅನುಮತಿ ಇರುವ ಆ್ಯಪ್‌ಗಳ ಪಟ್ಟಿಯೇ ಬೇರೆ. ರಿಂಗ್ ಆಗಿ, ಎತ್ತಿದ ಮೇಲೆ 'ಕನೆಕ್ಟಿಂಗ್' ಅಂತ ನಿಲ್ಲುವುದು ಆ ತಡೆಯ ಲಕ್ಷಣ. ಅಮೆರಿಕದಲ್ಲಿ ಇಂಥ ತಡೆ ಇಲ್ಲ, ಹಾಗಾಗಿ ಭಾವನ ಮುಖ ದಿನಾ ಬರುತ್ತದೆ. ನಾಲ್ಕು ತಿಂಗಳಿಂದ ನೀವು ಮಾಡುತ್ತಿರುವ ಅನುಮಾನದಲ್ಲಿ ಮುಕ್ಕಾಲು ಪಾಲು ಆ ದೇಶದ ಟೆಲಿಫೋನ್ ನಿಯಮದ ಮೇಲೆ ಹೋಗಬೇಕಾದದ್ದು. ಪಾಪ, ಗಂಡನ ಮೇಲೆ ಬಿದ್ದಿದೆ.

ಹಾಗಂತ ಅವರಿಗೂ ಪೂರ್ತಿ ಮಾಫಿ ಇಲ್ಲ. ದುಬೈಯಲ್ಲಿ ಯಾವ ರೂಮಿನಲ್ಲಿ ಕೇಳಿದರೂ 'ಬೋಟಿಮ್ ಹಾಕ್ಕೋ' ಅನ್ನುತ್ತಾರೆ. ಅಲ್ಲಿ ಅನುಮತಿ ಇರುವ ಆ್ಯಪ್ ಅದು. ಇಲ್ಲಿ ನೀವೂ ಹಾಕಿಕೊಂಡರೆ ಆಯಿತು. ನಾಲ್ಕು ತಿಂಗಳು 'ಆಗಲ್ಲ' ಅಂತ ಹೇಳುವ ಬದಲು ಒಂದು ಸಂಜೆ ಕೂತು ಬೇರೆ ದಾರಿ ಹುಡುಕಬಹುದಿತ್ತು. ಈ ಮಾತನ್ನು ಅವರಿಗೆ ಹೇಳಿ, ಆದರೆ ಮೊದಲ ಕಾಲ್‌ನಲ್ಲೇ ಬೇಡ.

ನಿಮ್ಮ ಲ್ಯಾಪ್‌ಟಾಪ್‌ಗೆ ನಾನು ಹೇಳುವುದು ಗೂಗಲ್ ಮೀಟ್. ಅದೂ ಅಲ್ಲಿನ ಪಟ್ಟಿಯಲ್ಲಿ ಇದೆ. ಜಿಮೇಲ್ ಇದ್ದರೆ ಸಾಕು, ಬ್ರೌಸರ್‌ನಲ್ಲೇ ತೆರೆಯುತ್ತದೆ. ಒಂದು ಲಿಂಕ್ ಮಾಡಿ ವಾಟ್ಸಾಪ್‌ನಲ್ಲಿ ಅವರಿಗೆ ಕಳಿಸಿ. ಅದೇ ಲಿಂಕನ್ನು ದಿನಾ ಒತ್ತಿದರೆ ಆಯಿತು. ಇಬ್ಬರೇ ಮಾತಾಡುವುದಾದರೆ ದುಡ್ಡಿಲ್ಲದೆ ಗಂಟೆಗಟ್ಟಲೆ ನಡೆಯುತ್ತದೆ. ಝೂಮ್ ಕೂಡ ಅಲ್ಲಿ ನಡೆಯುತ್ತದೆ, ಆದರೆ ಉಚಿತ ಖಾತೆಯಲ್ಲಿ 40 ನಿಮಿಷಕ್ಕೆ ಕಟ್. ಜಗಳದ ಮಧ್ಯೆ ಕಟ್ಟಾದರೆ ಇನ್ನೂ ಕಷ್ಟ ಅಲ್ವಾ! ಅವರ ಕಡೆ ಇಂಟರ್‌ನೆಟ್ ಕಡಿಮೆ ಇದ್ದರೆ ಎರಡು ನಿಮಿಷ ಮುಖ ನೋಡಿ ಕ್ಯಾಮೆರಾ ಆರಿಸಿಬಿಡಿ. ವಿಡಿಯೊಗೆ ಗಂಟೆಗೆ ಅರ್ಧ ಜಿಬಿಯಿಂದ ಒಂದೂವರೆ ಜಿಬಿವರೆಗೂ ಹೋಗಬಹುದು. ಬರೀ ಮಾತಿಗೆ ಮೂವತ್ತು ನಲವತ್ತು ಎಂಬಿ ಸಾಕು.

ವಿಪಿಎನ್ ವಿಷಯದಲ್ಲಿ ಪಕ್ಕದ ಮನೆ ಹುಡುಗನ ಮಾತು ಕೇಳಬೇಡಿ. ಕಂಪನಿಗಳು ತಮ್ಮ ಕೆಲಸಕ್ಕೆ ಅದನ್ನು ಬಳಸುತ್ತವೆ, ಅದು ಬೇರೆ. ಆದರೆ ನಿಷೇಧ ಇರುವ ಕೆಲಸ ಮಾಡಲು ಐಪಿ ವಿಳಾಸ, ಅಂದರೆ ಇಂಟರ್‌ನೆಟ್‌ನಲ್ಲಿ ಫೋನಿನ ಗುರುತಿನ ಸಂಖ್ಯೆ, ಮರೆಮಾಡಿದರೆ ಅಲ್ಲಿನ 2021ರ ಸೈಬರ್ ಕಾನೂನಿನಲ್ಲಿ 5 ಲಕ್ಷದಿಂದ 20 ಲಕ್ಷ ದಿರ್ಹಂವರೆಗೆ ದಂಡ ಇದೆ. ಕಡಿಮೆಯದ್ದೇ ನಮ್ಮ ದುಡ್ಡಲ್ಲಿ ಕೋಟಿ ದಾಟುತ್ತದೆ. 'ಎಲ್ಲರೂ ಹಾಕಿಕೊಂಡಿದ್ದಾರೆ' ಅನ್ನುವವರು ಆಮೇಲೆ ಆ ದಂಡ ಕಟ್ಟಲು ಬರುವುದಿಲ್ಲ.

ಈಗ ಆ 'ಹೂಂ' ವಿಷಯ. ನನಗೆ ನಿಮ್ಮ ಪತ್ರದಲ್ಲಿ ಜಾಸ್ತಿ ಕಾಡಿದ್ದು ಅದೇ.

ಅವರು ಎಲ್ಲಿ ಮಲಗುತ್ತಾರೆ ಅಂತ ಕೇಳಿದ್ದೀರಾ? ಅಂಥ ಕೆಲಸಕ್ಕೆ ಹೋದವರಲ್ಲಿ ಸುಮಾರು ಜನ ಇರುವುದು ಬೆಡ್‌ಸ್ಪೇಸ್‌ನಲ್ಲಿ. ಒಂದು ರೂಮು, ಒಂದರ ಮೇಲೊಂದು ಮಂಚ, ಐದಾರು ಜನ. ಒಬ್ಬ ಚಪಾತಿ ಲಟ್ಟಿಸುತ್ತಿರುತ್ತಾನೆ, ಇನ್ನೊಬ್ಬ ಬೆಳಗ್ಗೆ ನಾಲ್ಕಕ್ಕೆ ಏಳಬೇಕು ಅಂತ ಹೊದ್ದುಕೊಂಡು ಮಲಗಿರುತ್ತಾನೆ. ಅಲ್ಲಿ ಕೂತು ಹೆಂಡತಿಗೆ 'ನೀನಿಲ್ಲದೆ ಬೇಜಾರು' ಅನ್ನಲು ಯಾವ ಗಂಡಸಿಗೆ ನಾಲಿಗೆ ಹೊರಳುತ್ತದೆ? 'ಹೂಂ' ಅಷ್ಟೇ ಬರುತ್ತದೆ. ಇನ್ನು ನಿಮ್ಮ ಕಡೆ? ಫೋನ್ ಬಂದಾಗ ಅತ್ತೆ ಪಕ್ಕದಲ್ಲೇ ಇರುತ್ತಾರೆ ತಾನೇ? ನೀವು ಬರೆದಿಲ್ಲ. ಆದರೂ ಪಂದ್ಯ ಕಟ್ಟುತ್ತೇನೆ.

ನಾನು ಚಿಕ್ಕವಳಿದ್ದಾಗ ನಮ್ಮ ಕೇರಿಯ ಒಬ್ಬರು ಗಲ್ಫ್‌ನಲ್ಲಿದ್ದರು. ಫೋನ್ ಮಾಡಿದರೆ ಸಂಬಳ ಖಾಲಿ. ಅದಕ್ಕೆ ಊರಿಗೆ ಬರುವವರ ಕೈಯಲ್ಲಿ ಕ್ಯಾಸೆಟ್ ಕಳಿಸುತ್ತಿದ್ದರು, ಅರವತ್ತು ನಿಮಿಷದ್ದು, ಮಾತು ತುಂಬಿಸಿ. ಎ ಸೈಡ್ ಮನೆಯವರಿಗೆ. ಎಲ್ಲರೂ ಚಾವಡಿಯಲ್ಲಿ ಕೂತು ಕೇಳುತ್ತಿದ್ದೆವು. ಅಮ್ಮನ ಮಂಡಿನೋವು, ಗದ್ದೆಯ ತಕರಾರು, ತಮ್ಮನ ಮಾರ್ಕು. ಅದು ಮುಗಿದು 'ಟಕ್' ಅಂದ ತಕ್ಷಣ ಅವರ ಹೆಂಡತಿ ಎದ್ದು ಕ್ಯಾಸೆಟ್ ತೆಗೆದು ಸೆರಗಿನಲ್ಲಿ ಸುತ್ತಿಕೊಂಡು ಒಳಗೆ ಹೋಗುತ್ತಿದ್ದರು. ಬಿ ಸೈಡ್‌ನಲ್ಲಿ ಏನಿರುತ್ತದೆ ಅಂತ ಯಾರೂ ಕೇಳುತ್ತಿರಲಿಲ್ಲ. ಅತ್ತೆಯೂ ಕೇಳುತ್ತಿರಲಿಲ್ಲ.

ನಿಮಗೆ ಬಿ ಸೈಡ್ ಇಲ್ಲ. ಅದನ್ನು ಮಾಡಿಕೊಳ್ಳಿ. ರಜೆಯ ದಿನ ಲ್ಯಾಪ್‌ಟಾಪನ್ನು ಚಾವಡಿಯಲ್ಲಿಟ್ಟು ಎಲ್ಲರೂ ಮಾತಾಡಿ. ಅತ್ತೆಗೆ ಮಗನ ಮುಖ ದೊಡ್ಡದಾಗಿ ಕಾಣಲಿ. ಆಗ ನಿಮ್ಮ ಪಾಲಿನ ಹೊತ್ತನ್ನು ಕೇಳಲು ನಿಮಗೂ ಸಂಕೋಚ ಇರುವುದಿಲ್ಲ. ವಾರದಲ್ಲಿ ಎರಡು ರಾತ್ರಿ ನಿಮಗೆ ಮಾತ್ರ. ಅಲ್ಲಿ ಎಂಟು ಗಂಟೆ ಅಂದರೆ ಇಲ್ಲಿ ಒಂಬತ್ತೂವರೆ. ಅವರು ಇಯರ್‌ಫೋನ್ ಹಾಕಿ ಟೆರೇಸಿಗೋ ರಸ್ತೆಗೋ ಇಳಿಯಲಿ, ನೀವು ಕೋಣೆ ಬಾಗಿಲು ಹಾಕಿಕೊಳ್ಳಿ. ಅತ್ತೆಗೆ ಸುಮ್ನೆ ನೆಪ ಹೇಳಬೇಡಿ. 'ಅವರ ಜೊತೆ ಮಾತಾಡಿ ಬರುತ್ತೇನೆ' ಅನ್ನಿ, ಸಾಕು.

ಉಳಿದ ದಿನ ವಾಯ್ಸ್ ಮೆಸೇಜ್ ಇದೆಯಲ್ಲ, ಅದೇ ಈಗಿನ ಕ್ಯಾಸೆಟ್. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಅಲ್ಲಿ ಮಧ್ಯಾಹ್ನ 12.30ರಿಂದ 3ರವರೆಗೆ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ. ನಿಮ್ಮವರಿಗೆ ಛಾವಣಿ ಮೇಲಿನ ಕೆಲಸ ಆದರೆ ಆ ಹೊತ್ತಿಗೆ ಎಲ್ಲೋ ನೆರಳಲ್ಲಿ ಕೂತಿರುತ್ತಾರೆ. ಇಲ್ಲಿ ಆಗ ಎರಡರಿಂದ ನಾಲ್ಕೂವರೆ, ನಿಮ್ಮ ಅತ್ತೆ ಮಲಗುವ ಹೊತ್ತು. ಎರಡು ನಿಮಿಷದ್ದೊಂದು ಕಳಿಸಿ. 'ಊಟ ಆಯ್ತಾ' ಬೇಡ, ಅದಕ್ಕೆ ಉತ್ತರ 'ಹೂಂ' ಒಂದೇ. ಹಿತ್ತಲಿನ ಹಲಸಿನ ಮರದಲ್ಲಿ ಎಷ್ಟು ಕಾಯಿ ಬಿಟ್ಟಿದೆ, ಯಾರು ಕೇಳಿಕೊಂಡು ಬಂದರು, ನೀವು ಯಾರಿಗೆ ಇಲ್ಲ ಅಂದಿರಿ, ಅದನ್ನು ಹೇಳಿ.

ಇಷ್ಟು ಮಾಡಿ ಒಂದು ತಿಂಗಳು ನೋಡಿ. ಲಿಂಕ್ ಇದ್ದೂ, ಹೊತ್ತು ಗೊತ್ತಿದ್ದೂ, ಮತ್ತೆ ನೆಪ ಹೇಳಿದರೆ ಆಗ ನೇರ ಕೇಳಿ, ನನಗೂ ಬರೆಯಿರಿ. ಆಗ ನಾನು ಅವರ ಪರ ಮಾತಾಡುವುದಿಲ್ಲ.

ಮತ್ತೆ, ಕೋಣೆಗೆ ಹೋಗುವಾಗ ಚಾರ್ಜರ್ ಮರೆಯಬೇಡಿ. ಹತ್ತು ನಿಮಿಷದ ಬ್ಯಾಟರಿ ಅಂತ ನೀವೇ ಬರೆದಿದ್ದೀರಿ.